ಭೋಗ್ಯದ ಮನೆ: ಬಾಡಿಗೆಯೋ, ಬಡ್ಡಿಯೋ?

ಎಳನೀರು ವ್ಯಾಪಾರದಲ್ಲಿ, ಗ್ಯಾರೇಜಿನಲ್ಲಿ, ಬಟ್ಟೆ ಅಂಗಡಿಯಲ್ಲಿ ದುಡಿದು ನಾಲ್ಕು ಕಾಸು ಉಳಿಸಿದವರು ಮೊದಲು ಯೋಚಿಸುವುದು ಬಾಡಿಗೆ ಮನೆಯನ್ನೇ. ಮೇಲೊಂದು ಅಂತಸ್ತು ಕಟ್ಟಿ ಬಿಟ್ಟರೆ ಮುಪ್ಪಿನಲ್ಲಿ ಯಾರ ಮುಂದೆಯೂ ಕೈಚಾಚಬೇಕಿಲ್ಲ. ಮಂಡ್ಯದಲ್ಲಿ ಮೆಡಿಕಲ್ ಕಾಲೇಜಿನ ಸಿಬ್ಬಂದಿ, ಮದ್ದೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಓಡಾಡುವ ನೌಕರರು, ಮಳವಳ್ಳಿಯಲ್ಲಿ ಹಳ್ಳಿಗಳಿಂದ ಮಕ್ಕಳ ಓದಿಗೆಂದು ಬರುವ ಕುಟುಂಬಗಳು ಮನೆ ಹುಡುಕುತ್ತಲೇ ಇರುತ್ತಾರೆ. ಬಾಡಿಗೆಯ ಆದಾಯ ಹಲಾಲ್, ಅದರಲ್ಲಿ ಅನುಮಾನವಿಲ್ಲ. ಆದರೆ ಜುಮಾ ಮುಗಿದ ಮೇಲೆ ನಮ್ಮ ಬಳಿ ಬರುವ ಪ್ರಶ್ನೆಗಳು ಹೆಚ್ಚಾಗಿ ಬಾಡಿಗೆಯವಲ್ಲ, ಭೋಗ್ಯದವು.

ಭೋಗ್ಯ ನಮಗೆಲ್ಲ ಗೊತ್ತಿರುವುದೇ. ಐದು ಲಕ್ಷ ಕೊಟ್ಟು ಮನೆಗೆ ಬರುತ್ತಾರೆ, ತಿಂಗಳ ಬಾಡಿಗೆಯಿಲ್ಲ. ಮೂರು ವರ್ಷದ ನಂತರ ಐದು ಲಕ್ಷ ವಾಪಸ್. ಬ್ಯಾಂಕಿನ ಬಡ್ಡಿ ಬೇಡವೆಂದು ಈ ಹಣದಲ್ಲೇ ಮನೆ ಕಟ್ಟುವವರಿದ್ದಾರೆ. ಬಡ್ಡಿಯಿಂದ ಓಡಿಬಂದು ಎಲ್ಲಿ ನಿಂತಿದ್ದೇವೆ ನೋಡೋಣ.

ಹಿಂತಿರುಗಿಸಲೇಬೇಕಾದ, ಆದರೆ ಪಡೆದವರು ಖರ್ಚು ಮಾಡುವ ಹಣಕ್ಕೆ ಶರೀಅತ್‌ನಲ್ಲಿ ಕರ್ಝ್, ಅಂದರೆ ಸಾಲ ಎಂದು ಹೆಸರು. ಸಾಲ ಕೊಟ್ಟದ್ದಕ್ಕೆ ಪ್ರತಿಯಾಗಿ ಷರತ್ತು ಹಾಕಿ ಪಡೆಯುವ ಲಾಭ ಬಡ್ಡಿ. ಇಲ್ಲಿ ಆ ಲಾಭ ಪುಕ್ಕಟೆ ವಾಸ. ಅದೇ ಮನೆಗೆ ತಿಂಗಳಿಗೆ ಆರು ಸಾವಿರ ಬಾಡಿಗೆ ಬರುವುದಾದರೆ, ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಇಪ್ಪತ್ತು ಪೈಸೆಯ ಬಡ್ಡಿ ಆಯಿತು. ಲೇವಾದೇವಿಯವನ ಲೆಕ್ಕವೂ ಇದೇ ತರಹದ್ದು. ಹೆಸರಿಗೆ ಐನೂರು ರೂಪಾಯಿ ಬಾಡಿಗೆ ಬರೆದುಕೊಂಡರೂ ಸಾಲದ ಕಾರಣಕ್ಕೆ ಬಾಡಿಗೆ ಇಳಿಸಿದ್ದು ಇಳಿಸಿದ್ದೇ. ನಮ್ಮ ಉಲಮಾಗಳು ಅದನ್ನೂ ಒಪ್ಪುವುದಿಲ್ಲ.

ದೀನಿನ ಮಾತು ಹಾಗಿರಲಿ, ಹಣ ಕೊಟ್ಟವರ ಸ್ಥಿತಿ ಏನು? ಹಣಕ್ಕೆ ಮನೆಯನ್ನೇ ಆಧಾರವಾಗಿಟ್ಟು ಸ್ವಾಧೀನ ಕೊಡುವುದು ಕಾನೂನಿನ ಕಣ್ಣಿಗೆ ಅಡಮಾನ. 1882ರ ಆಸ್ತಿ ವರ್ಗಾವಣೆ ಕಾಯ್ದೆಯಂತೆ ಅಂಥ ಅಡಮಾನ ನೂರು ರೂಪಾಯಿ ಮೀರಿದರೆ ನೋಂದಣಿ ಆಗಲೇಬೇಕು. ನಮ್ಮಲ್ಲಿ ನಡೆಯುವುದು ಛಾಪಾ ಕಾಗದ, ನೋಟರಿ ಸೀಲು, ಇಬ್ಬರ ಸಹಿ. ಅದು ಇ.ಸಿ.ಯಲ್ಲಿ ಕಾಣುವುದಿಲ್ಲ. ಮಾಲೀಕರು ಅದೇ ಮನೆಯನ್ನು ಮೊದಲೇ ಬ್ಯಾಂಕಿಗೆ ಅಡವಿಟ್ಟಿದ್ದರೆ, ಬ್ಯಾಂಕು ಹರಾಜಿಗೆ ಬಂದ ದಿನ ಭೋಗ್ಯದವರು ಸಾಮಾನು ಕಟ್ಟಬೇಕು. ಮಗಳ ಮದುವೆಗೆಂದು ಕೂಡಿಟ್ಟ ಹಣಕ್ಕೆ ಆಮೇಲೆ ಕೋರ್ಟು ಅಲೆಯಬೇಕು. ಮಾಲೀಕರೂ ಸುಖವಾಗಿಲ್ಲ. ಐದು ಲಕ್ಷ ಗೋಡೆಯಲ್ಲಿ ಕೂತಿರುತ್ತದೆ. ವಾಪಸ್ ಕೊಡಲು ಮತ್ತೊಬ್ಬ ಭೋಗ್ಯದವರನ್ನು ಹುಡುಕಬೇಕು.

ಈಗಾಗಲೇ ಇದರಲ್ಲಿ ಇರುವವರಿಗೆ ದಾರಿ ಇದೆ. ಇಬ್ಬರೂ ಕೂತು, ಆ ಬೀದಿಯಲ್ಲಿ ನಡೆಯುವ ಬಾಡಿಗೆಯನ್ನೇ ಗೊತ್ತು ಮಾಡಿಕೊಳ್ಳಲಿ. ಪ್ರತಿ ತಿಂಗಳು ಅದು ಐದು ಲಕ್ಷದಲ್ಲಿ ಕಳೆಯುತ್ತಾ ಹೋಗಲಿ. ಎರಡು ವರ್ಷಕ್ಕೆ 1,44,000 ಬಾಡಿಗೆ ಸಂದಂತಾಯಿತು. ಮಾಲೀಕರು ಕೊಡಬೇಕಾದ್ದು 3,56,000 ಮಾತ್ರ. ಬಾಡಿಗೆದಾರರಿಗೆ ಇದು ಕಹಿಯೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವರು ತಿಂದದ್ದು ಬಾಡಿಗೆ ಕೊಟ್ಟು ತಿಂದದ್ದಾಗುತ್ತದೆ. ಇದನ್ನೂ ಬರೆದಿಡಿ. ಸಾಲವನ್ನು ಸಾಕ್ಷಿಗಳೊಂದಿಗೆ ಬರೆದಿಡಬೇಕೆಂದು ಹೇಳುವ ಅಲ್‌ಬಕರಾದ 282ನೇ ಆಯತ್ ಕುರ್‌ಆನಿನ ಅತಿ ಉದ್ದದ ಆಯತ್ ಎಂಬುದು ಸುಮ್ಮನೆ ಅಲ್ಲ.

ಹೊಸದಾಗಿ ಕಟ್ಟುವವರಿಗೆ ಹಣ ಸಾಲದಿದ್ದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಪಾಲು ಹಾಕಿ ಕಟ್ಟಿ, ಪಾಲಿನ ಪ್ರಕಾರ ಬಾಡಿಗೆ ಹಂಚಿಕೊಳ್ಳಬಹುದು. ತಂಗಿ ಹಾಕಿದ ಹಣಕ್ಕೂ ಕಾಗದ ಇರಲಿ. ಅಲ್ಲೇ ನಾವು ಸಡಿಲ ಬಿಡುವುದು. ಕೊಳ್ಳುವ ಮುನ್ನ ಇ.ಸಿ., ಇ-ಖಾತಾ ನೋಡಿ. ಹೆದ್ದಾರಿ ಪಕ್ಕದ ಅಗ್ಗದ ರೆವಿನ್ಯೂ ಸೈಟಿಗೆ ಅವಸರ ಬೇಡ, ಭೂಪರಿವರ್ತನೆ ಆಗಿದೆಯೇ ಕೇಳಿ. ಬಾಡಿಗೆ ಕರಾರು ಒಂದು ವರ್ಷ ಮೀರಿದರೆ ನೋಂದಣಿ ಬೇಕು, ಹನ್ನೊಂದು ತಿಂಗಳ ವಾಡಿಕೆ ಬಂದದ್ದು ಅದಕ್ಕೇ. ಅಡ್ವಾನ್ಸ್ ಎಷ್ಟೇ ಇರಲಿ, ಅದರಿಂದ ಬಾಡಿಗೆ ಇಳಿಯಬಾರದು.

ಝಕಾತ್‌ನ ಲೆಕ್ಕ ಹಲವರು ಕೇಳಿದ್ದಾರೆ. ಬಾಡಿಗೆಗೆ ಬಿಟ್ಟ ಮನೆಯ ಬೆಲೆಗೆ ಝಕಾತ್ ಇಲ್ಲ. ಖರ್ಚಾಗಿ ಉಳಿದ ಬಾಡಿಗೆ ಉಳಿದ ಹಣದೊಡನೆ ಸೇರಿ ನಿಸಾಬ್ ಮುಟ್ಟಿದ್ದರೆ, ಚಾಂದ್ರ ವರ್ಷ ಮುಗಿದಾಗ ಶೇಕಡಾ 2.5. ಮಾರುವ ಉದ್ದೇಶದಿಂದಲೇ ಕೊಂಡ ಸೈಟಿಗೆ ಪ್ರತಿವರ್ಷ ಆಗಿನ ಮಾರುಕಟ್ಟೆ ಬೆಲೆಯ ಮೇಲೆ. ಇನ್ನು ಭೋಗ್ಯಕ್ಕೆ ಕೊಟ್ಟ ಐದು ಲಕ್ಷ ಹನಫಿ ಫಿಕ್ಹ್ ಪ್ರಕಾರ ಕೊಟ್ಟವರ ಹಣವೇ. ಅದರ ಝಕಾತ್ ಅವರ ಮೇಲಿದೆ. ಹಣ ಕೈಸೇರಿದ ಮೇಲೆ ಹಿಂದಿನ ವರ್ಷಗಳದ್ದನ್ನೂ ಸೇರಿಸಿ ಕೊಡಬಹುದು.