ಸೀಷೆಲ್ಸ್: ಭಾರತದಿಂದ ಬೇರ್ಪಟ್ಟ ನೆಲದ ಮೇಲೊಂದು ದೇಶ

ಸೀಷೆಲ್ಸ್ ಎಂದೊಡನೆ ಬಿಳಿ ಮರಳು, ತಿಳಿನೀಲಿ ನೀರು, ಮಧುಚಂದ್ರಕ್ಕೆ ಬಂದ ಜೋಡಿಗಳು ಕಣ್ಣಮುಂದೆ ಬರುತ್ತಾರೆ. ಕಡಲತೀರದ ಚೆಲುವು ನಿಜ. ಆದರೆ ಬಂಡೆ, ಕಾಡುಗಳನ್ನು ನೋಡದೆ ಮರಳಿದವರು ಆ ದೇಶವನ್ನು ಅರ್ಧವಷ್ಟೇ ನೋಡಿರುತ್ತಾರೆ.

ನಡುಗಡಲಿನ ದ್ವೀಪಗಳು ಸಾಮಾನ್ಯವಾಗಿ ಜ್ವಾಲಾಮುಖಿಯಿಂದಲೋ ಹವಳದಿಂದಲೋ ಆದವು. ಸೀಷೆಲ್ಸ್‌ನ ಮುಖ್ಯ ದ್ವೀಪಗಳು ಹಾಗಲ್ಲ. ಅವು ಸುಮಾರು 75 ಕೋಟಿ ವರ್ಷ ಹಳೆಯ ಗ್ರಾನೈಟ್. ಒಂದು ಕಾಲಕ್ಕೆ ಭಾರತದ ಭೂಭಾಗಕ್ಕೇ ಅಂಟಿಕೊಂಡಿದ್ದ ಈ ತುಣುಕು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಬೇರ್ಪಟ್ಟಿತು. ಕೇರಳದ ಘಟ್ಟಗಳಲ್ಲಿ ನೆಲದೊಳಗೆ ಬದುಕುವ ನೇರಳೆ ಕಪ್ಪೆಯ ಹತ್ತಿರದ ಬಂಧುಗಳು ಇಂದಿಗೂ ಇರುವುದು ಇಲ್ಲಿಯ ಕಾಡುಗಳಲ್ಲೇ.

ದ್ವೀಪಗಳ ಸಂಖ್ಯೆ 115, ಜನ ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಬಹುಪಾಲು ಮಂದಿ ಇರುವುದು ಮಾಹೆ ದ್ವೀಪದಲ್ಲಿ. 1770ರಲ್ಲಿ ಫ್ರೆಂಚರು ನೆಲೆಯೂರುವ ಮೊದಲು ಇಲ್ಲಿ ಜನವಸತಿಯೇ ಇರಲಿಲ್ಲ. ಅವರು ಗುಲಾಮರಾಗಿ ಎಳೆತಂದ ಆಫ್ರಿಕಾ, ಮಡಗಾಸ್ಕರ್‌ನ ಜನ, ಆಮೇಲೆ ಬಂದ ಭಾರತೀಯ, ಚೀನೀ ವರ್ತಕರು ಎಲ್ಲರೂ ಬೆರೆತು ಆದದ್ದು ಇಂದಿನ ಕ್ರಿಯೋಲ್ ಸಮಾಜ. ಫ್ರೆಂಚರ ನಂತರ ಆಳಿದ ಬ್ರಿಟಿಷರಿಂದ ಸ್ವಾತಂತ್ರ್ಯ ಸಿಕ್ಕಿದ್ದು 1976ರಲ್ಲಿ. ರಾಜಧಾನಿ ವಿಕ್ಟೋರಿಯಾವನ್ನು ಅರ್ಧ ದಿನದಲ್ಲಿ ನಡೆದೇ ನೋಡಬಹುದು. ಮೀನಿನ ಮಾರುಕಟ್ಟೆಯಿಂದ ಸ್ವಲ್ಪ ದೂರದಲ್ಲೇ ತಮಿಳರು ಕಟ್ಟಿದ ವಿನಾಯಕ ಗುಡಿಯ ಬಣ್ಣದ ಗೋಪುರವಿದೆ. ಊಟಕ್ಕೆ ತೆಂಗಿನ ಹಾಲಿನ ಮೀನು ಸಾರು. ಜೀಗುಜ್ಜೆ ಪಲ್ಯ ಉಂಡು ಬೆಳೆದ ಕರಾವಳಿಯವರಿಗೆ ಅದೇ ಕಾಯಿ ಇಲ್ಲೂ ಸಿಗುತ್ತದೆ, ಹುರಿದೋ ಸುಟ್ಟೋ.

ಆದರೆ ನನ್ನ ಮಟ್ಟಿಗೆ ಸೀಷೆಲ್ಸ್‌ನ ಹೃದಯ ಇರುವುದು ಪ್ರಾಲಿನ್ ದ್ವೀಪದ ವ್ಯಾಲೆ ದ ಮೇ ಕಾಡಿನಲ್ಲಿ. ಮಾಹೆಯಿಂದ ದೋಣಿಯಲ್ಲಿ ಒಂದು ಗಂಟೆಯ ದಾರಿ. ಕಡಲ ತೆಂಗು, ಅಂದರೆ ಕೊಕೊ ದ ಮೇರ್ ಸಹಜವಾಗಿ ಬೆಳೆಯುವುದು ಪ್ರಾಲಿನ್ ಮತ್ತು ಪಕ್ಕದ ಕ್ಯೂರಿಯೂಸ್ ದ್ವೀಪಗಳಲ್ಲಿ ಮಾತ್ರ. ಜಗತ್ತಿನ ಅತಿ ಭಾರದ ಬೀಜ ಇದರದ್ದು. 25 ಕಿಲೋವರೆಗೂ ತೂಗುತ್ತದೆ. ಕಾಯಿ ಬಲಿಯಲು ಆರೇಳು ವರ್ಷ ಬೇಕು. ಮರ ಎಲ್ಲಿದೆಯೆಂದು ಯಾರಿಗೂ ತಿಳಿಯದಿದ್ದ ಕಾಲದಲ್ಲಿ ಇದರ ಟೊಳ್ಳು ಕಾಯಿಗಳು ತೇಲಿಬಂದು ಮಾಲ್ಡೀವ್ಸ್, ಭಾರತದ ದಡ ಸೇರುತ್ತಿದ್ದವು. ಸಮುದ್ರದಡಿ ಬೆಳೆಯುವ ಮರದ ಕಾಯಿಯೆಂದೇ ಜನ ನಂಬಿದ್ದರು. ನಮ್ಮ ಸಾಧುಗಳು ಹಿಡಿಯುವ ಕಪ್ಪು ಕಮಂಡಲುಗಳಲ್ಲಿ ಕೆಲವು ಇದೇ ಚಿಪ್ಪಿನವು. ಯುನೆಸ್ಕೊ 1983ರಲ್ಲಿ ಈ ಕಾಡನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ದೊಡ್ಡ ಎಲೆಗಳ ಕೆಳಗೆ ಅವಸರವಿಲ್ಲದೆ ನಡೆಯಿರಿ, ಕಪ್ಪು ಗಿಳಿಯ ಕೂಗು ಕೇಳಿಸೀತು.

ಪ್ರಾಲಿನ್‌ನಿಂದ ಲಾ ಡೀಗ್ ದ್ವೀಪಕ್ಕೆ ದೋಣಿಯಲ್ಲಿ ಹದಿನೈದು ನಿಮಿಷ. ಅಲ್ಲಿ ಓಡಾಟಕ್ಕೆ ಸೈಕಲ್ಲೇ ಸಾಕು.

ಖರ್ಚು ಜಾಸ್ತಿಯೇ. ರೆಸಾರ್ಟ್ ಬಿಟ್ಟು ಊರವರ ಗೆಸ್ಟ್‌ಹೌಸ್‌ಗಳಲ್ಲಿ ಉಳಿದು, ಮಾಹೆಯಲ್ಲಿ ಸರ್ಕಾರಿ ಬಸ್ ಹಿಡಿದರೆ ಹಣವೂ ಉಳಿಯುತ್ತದೆ, ಜನರ ಪರಿಚಯವೂ ಆಗುತ್ತದೆ. ಏಪ್ರಿಲ್, ಅಕ್ಟೋಬರ್ ಸುಮಾರಿಗೆ ಗಾಳಿ ಕಡಿಮೆ, ಕಡಲು ಶಾಂತ. ಭಾರತೀಯರಿಗೆ ವೀಸಾ ಬೇಡ, ಆದರೆ ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಪ್ರವೇಶಾನುಮತಿ ಪಡೆದಿರಬೇಕು. ಕಡಲ ತೆಂಗನ್ನು ಕೊಳ್ಳುವುದಾದರೆ ಅಧಿಕೃತ ಪರವಾನಗಿ ಇರುವುದನ್ನೇ ಕೊಳ್ಳಿ. ಕದ್ದ ಕಾಯಿಗಳ ಮಾರಾಟ ಆ ಮರಗಳ ಉಳಿವಿಗೇ ಕುತ್ತು.