ಪಂಪಿನ ಪೆಟ್ಟಿಗೆಗೆ ಬಿಸಿಲಿನ ಬಾಧೆ

ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕಡೆಯ ನಮ್ಮ ರೈತರಲ್ಲಿ ಬಾವಿಯ ಪಂಪನ್ನು ಮನೆಯಿಂದಲೇ ಮೊಬೈಲಿನ ಮೂಲಕ ನಡೆಸುವವರು ಈಗ ಅನೇಕರಿದ್ದಾರೆ. ರಾತ್ರಿ ಪಾಳಿಯ ಕರೆಂಟು ಬಂದಾಗ ಹಾವು ಚೇಳುಗಳಿಗೆ ಅಂಜುತ್ತ ಹೊಲಕ್ಕೆ ಹೋಗುವ ಕಷ್ಟ ಇದರಿಂದ ತಪ್ಪಿದೆ. ಆದರೆ ಒಬ್ಬರ ಹೊಲದಲ್ಲಿ ಬಹುಕಾಲ ಬಾಳುವ ಪೆಟ್ಟಿಗೆಯೇ ಮತ್ತೊಬ್ಬರಲ್ಲಿ ಎರಡು ಬೇಸಗೆಗೆ ಕೆಡುವುದುಂಟು. ಮಾಲು ಖೊಟ್ಟಿ ಎಂದು ಅಂಗಡಿಯವನನ್ನು ಬಯ್ಯುವುದಕ್ಕೆ ಮೊದಲು ಪೆಟ್ಟಿಗೆಯನ್ನು ಎಲ್ಲಿ ಕೂಡಿಸಿದ್ದೇವೆಂದು ನೋಡಬೇಕು.

ಪೆಟ್ಟಿಗೆಯೊಳಗೆ ಉಗುರಗಲದ ಒಂದು ಪ್ರೊಸೆಸರ್ ಇರುತ್ತದೆ. ಅದರಲ್ಲಿ ತಿರುಗುವ ಭಾಗಗಳಿಲ್ಲ. ಆದುದರಿಂದ ಎತ್ತಿನಂತೆ ದುಡಿದು ದಣಿಯುವುದಿಲ್ಲ. ಅದನ್ನು ಸವೆಸುವುದು ಮುಖ್ಯವಾಗಿ ಕಾವು. ಕೂದಲಿಗಿಂತ ಎಷ್ಟೋ ಸಣ್ಣದಾದ ಲೋಹದ ಗೆರೆಗಳಲ್ಲಿ ವಿದ್ಯುತ್ತು ಹರಿಯುವಾಗ ಲೋಹದ ಅಣುಗಳು ಮೆಲ್ಲಗೆ ಸರಿಯುತ್ತವೆ. ಕಾವು ಹೆಚ್ಚಿದಷ್ಟೂ ಬೇಗ ಸರಿದು ಗೆರೆ ಕಡಿಯುತ್ತದೆ. ಇದರ ಲೆಕ್ಕದ ಸೂತ್ರವನ್ನು ಅಮೆರಿಕದ ಜೇಮ್ಸ್ ಬ್ಲ್ಯಾಕ್ 1969ರಲ್ಲಿಯೇ ಕೊಟ್ಟಿದ್ದಾರೆ. ಸಾಮಾನ್ಯ ದರ್ಜೆಯ ಚಿಪ್ಪುಗಳು 70 ಡಿಗ್ರಿ ಸೆಲ್ಸಿಯಸ್ ವರೆಗಿನ ಸುತ್ತಲ ಕಾವಿಗೆ, ಕೈಗಾರಿಕಾ ದರ್ಜೆಯವು 85ರ ವರೆಗೆ ಎಂದು ಮಾಡಿದವು. ಕೊಳ್ಳುವಾಗ ದರ್ಜೆ ಯಾವುದೆಂದು ಕೇಳಲು ಸಂಕೋಚಪಡಬಾರದು.

ಆದರೂ ಚಿಪ್ಪಿಗಿಂತ ಮೊದಲು ಸಾಯುವುದು ಸಾಮಾನ್ಯವಾಗಿ ಅದರ ನೆರೆಯ ಕೆಪಾಸಿಟರ್. ಸಣ್ಣ ಡಬ್ಬಿಯಂತಿರುವ ಇದರೊಳಗೆ ದ್ರವವಿದ್ದು, ಕಾವಿಗೆ ಆರುತ್ತ ಹೋಗುತ್ತದೆ. ಹತ್ತು ಡಿಗ್ರಿ ಏರಿದರೆ ಆಯುಷ್ಯ ಅರ್ಧವಾಗುವುದೆಂಬುದು ಇದಕ್ಕೆ ರೂಢಿಯ ಲೆಕ್ಕ. 105 ಡಿಗ್ರಿಯಲ್ಲಿ 2,000 ತಾಸು ಬಾಳುವಂಥದು 65ರಲ್ಲಿ 32,000 ತಾಸು, ಅಂದರೆ ಹಗಲಿರುಳು ನಡೆದರೆ ಮೂರೂವರೆ ವರ್ಷದ ಮೇಲೆ, ಬಾಳೀತು. 55ರಲ್ಲಿ ಏಳು ವರ್ಷ ದಾಟೀತು. ನೆರಳಿನ ಬೆಲೆ ಇಷ್ಟು! ಇನ್ನು ಹಗಲು ಕಾದು ರಾತ್ರಿ ತಣಿಯುವುದರಿಂದ ಬೆಸುಗೆಗಳು ಹಿಗ್ಗಿ ಕುಗ್ಗಿ ಬಿರಿಯುವುದೂ ಉಂಟು.

ಬಳಕೆಯಿಂದಲೂ ಸವೆತವಿದೆ, ಅದು ಬರೆಯುವುದರಿಂದ. ಪಂಪು ಎಷ್ಟು ಹೊತ್ತು ನಡೆಯಿತೆಂಬುದನ್ನು ಪೆಟ್ಟಿಗೆ ತನ್ನ ನೆನಪಿನ ಕೋಶದಲ್ಲಿ ಗುರುತು ಹಾಕುತ್ತದೆ. ಇಂಥ ಕೋಶಗಳಲ್ಲಿ ಹಲವು, ಅಳಿಸಿ ಬರೆಯುವುದನ್ನು ಒಂದು ಲಕ್ಷ ಸಲದವರೆಗೆ ತಾಳುತ್ತವೆ. ಒಂದೇ ಕೋಶದಲ್ಲಿ ನಿಮಿಷಕ್ಕೊಮ್ಮೆ ಬರೆದರೆ ಎಪ್ಪತ್ತು ದಿನದೊಳಗೆ ಲಕ್ಷ ಮುಗಿಯಿತು. ತಾಸಿಗೊಮ್ಮೆಯಾದರೆ ಹನ್ನೊಂದು ವರ್ಷ. ಬಲ್ಲ ತಯಾರಕರು ಗುರುತುಗಳನ್ನು ಬೇರೆ ಬೇರೆ ಕೋಶಗಳಿಗೆ ಹಂಚುತ್ತಾರೆ. ಅಗ್ಗದ ಮಾಲಿನಲ್ಲಿ ಆ ವಿವೇಕ ಇದ್ದೇ ಇರುವುದೆಂದು ನಾವು ಹೇಳಲಾರೆವು. ಗುರುತಿನ ಅವಧಿಯನ್ನು ಬದಲಿಸಲು ಬರುವಂತಿದ್ದರೆ ದೊಡ್ಡದು ಮಾಡಿಸಿಕೊಳ್ಳಿರಿ.

ಪೆಟ್ಟಿಗೆಯನ್ನು ಪಡುವಣ ಗೋಡೆಗೆ ಎಂದೂ ಜಡಿಯಬೇಡಿರಿ. ಮಧ್ಯಾಹ್ನದ ನಂತರದ ಬಿಸಿಲು ನೇರವಾಗಿ ಬಿದ್ದರೆ ಮುಚ್ಚಿದ ಪೆಟ್ಟಿಗೆಯ ಒಳಗಾವು ಹೊರಗಿನ ಗಾಳಿಗಿಂತ ಬಹಳ ಏರುತ್ತದೆ. ಪಂಪಿನ ಮನೆಯ ಒಳಗೋಡೆ ಒಳ್ಳೆಯದು. ಆದರೆ ತಗಡಿನ ಮಾಡಿಗೆ ಹತ್ತಿ ಬೇಡ, ಬಿಸಿಗಾಳಿ ಅಲ್ಲಿಯೇ ನಿಲ್ಲುತ್ತದೆ. ಎದೆಮಟ್ಟದಲ್ಲಿ, ಗೋಡೆಯಿಂದ ಎರಡು ಬೆರಳು ಬಿಟ್ಟು ಕೂಡಿಸಿದರೆ ಹಿಂದೆ ಗಾಳಿಯಾಡುವುದು. ಸೌರ ಪಂಪಿನವರಿಗೆ ಫಲಕದ ಅಡಿಯೇ ನೆರಳು. ಹೊರಗೆ ಇಡಲೇಬೇಕಾದಲ್ಲಿ ಬಿಳಿಯ ಬಣ್ಣ ಹಚ್ಚಿ, ಮೇಲೊಂದು ತಗಡಿನ ಮರೆಯನ್ನು ಅಂತರವಿಟ್ಟು ಕಟ್ಟಿರಿ. ಮಳೆಗೆಂದು ಸುತ್ತಿದ ಪ್ಲಾಸ್ಟಿಕ್ ಹಾಳೆಯನ್ನು ಮಳೆ ಮುಗಿದೊಡನೆ ತೆಗೆಯಿರಿ. ಗಾಳಿಗೆಂದು ಪೆಟ್ಟಿಗೆಗೆ ತೂತು ಕೊರೆದರೆ ಧೂಳೂ ಇರುವೆಯೂ ಸೇರುವುವು.

ಇಷ್ಟಾಗಿಯೂ ಕೆಟ್ಟರೆ, ಪೂರ್ತಿ ಬೋರ್ಡು ಬದಲಿಸಬೇಕೆಂದು ಮಿಸ್ತ್ರಿ ಹೇಳಿದೊಡನೆ ಹಣ ಎಣಿಸಬೇಡಿರಿ. ತಲೆ ಉಬ್ಬಿದ ಕೆಪಾಸಿಟರ್ ಇದೆಯೇ ಎಂದು ಮೊದಲು ನೋಡಹೇಳಿರಿ. ಅದನ್ನು ಬದಲಿಸುವ ಖರ್ಚು ಬೋರ್ಡಿನ ಬೆಲೆಗೆ ಹೋಲಿಸಿದರೆ ಅಲ್ಪ.