ದಪ್ಪಕ್ಷರದ ಅರ್ಥಶಾಸ್ತ್ರ

ನಿಘಂಟನ್ನು ತೆರೆದವರು ಅದನ್ನು ಮೊದಲಿನಿಂದ ಓದುವುದಿಲ್ಲ. ತಮಗೆ ಬೇಕಾದ ಒಂದು ಪದವನ್ನು ಹುಡುಕುತ್ತಾರೆ. ತುಂಬಿದ ಪುಟದ ನಡುವೆ ಆ ಪದ ತಾನಾಗಿ ಕಣ್ಣಿಗೆ ಬೀಳಬೇಕು. 1845ರಲ್ಲಿ ಲಂಡನ್ನಿನ ಫ್ಯಾನ್ ಸ್ಟ್ರೀಟ್ ಅಚ್ಚುಮೊಳೆ ಕಾರ್ಖಾನೆಯಿಂದ ಹೊರಬಂದ ‘ಕ್ಲಾರೆಂಡನ್’ ಅಕ್ಷರ ವಿನ್ಯಾಸ ಪೂರೈಸಿದ್ದು ಈ ಅಗತ್ಯವನ್ನು.

ಇಂಗ್ಲಿಷ್ ಅಕ್ಷರದ ಗೆರೆಯ ತುದಿಯಲ್ಲಿರುವ ಪುಟ್ಟ ಅಡ್ಡಗೆರೆಗೆ ‘ಸೆರಿಫ್’ ಎನ್ನುತ್ತಾರೆ. ಅದು ಹಲಗೆಯಂತೆ ದಪ್ಪಗಿದ್ದರೆ ‘ಸ್ಲ್ಯಾಬ್ ಸೆರಿಫ್’. ಕೈಗಾರಿಕಾ ಕ್ರಾಂತಿಯಿಂದ ಸರಕು ಹೆಚ್ಚಿ, ಪೈಪೋಟಿ ಬೆಳೆದು, ಗೋಡೆಗಳೆಲ್ಲ ಜಾಹೀರಾತುಗಳಿಂದ ತುಂಬತೊಡಗಿದ ಕಾಲದ ಸಂತಾನವಿದು. 1810ರ ದಶಕದಲ್ಲಿ ವಿನ್ಸೆಂಟ್ ಫಿಗಿನ್ಸ್ ಹೊರತಂದ ಇಂಥ ಅಕ್ಷರಗಳು ದೂರದಿಂದಲೇ ದಾರಿಹೋಕರನ್ನು ತಡೆದು ನಿಲ್ಲಿಸುವಂತಿದ್ದವು. ಆದರೆ ಪುಸ್ತಕದ ಸಾಲಿನೊಳಗೆ ಅವು ಹೊಂದಿಕೊಳ್ಳುತ್ತಿರಲಿಲ್ಲ.

ಕ್ಲಾರೆಂಡನ್ನಿನ ಗುಣವಿರುವುದು ಇಲ್ಲಿಯೇ. ರಾಬರ್ಟ್ ಬೆಸ್ಲಿಯ ಉಸ್ತುವಾರಿಯಲ್ಲಿ ಬೆಂಜಮಿನ್ ಫಾಕ್ಸ್ ಕೆತ್ತಿದ ಈ ಅಕ್ಷರದಲ್ಲಿ ಹಲಗೆಯಂಥ ಅಡ್ಡಗೆರೆಯು ಕಾಂಡವನ್ನು ಮೃದುವಾದ ಬಾಗಿನಿಂದ ಸೇರುತ್ತದೆ. ಗೆರೆಗಳ ದಪ್ಪ-ತೆಳುವಿನಲ್ಲಿ ಅತಿರೇಕವಿಲ್ಲ. ಸಾಧಾರಣ ಅಕ್ಷರದ ಪಕ್ಕದಲ್ಲಿಯೇ ನಿಂತು, ಸಾಲನ್ನು ಕೆಡಿಸದೆ, ತನ್ನ ಪದವನ್ನಷ್ಟೇ ಎತ್ತಿ ತೋರಿಸುತ್ತದೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಮುಖ್ಯಪದಗಳಿಗೆ ಇದನ್ನೇ ಆರಿಸಿಕೊಂಡಿತು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಫಲಕಗಳಲ್ಲಿಯೂ ಇದು ದಶಕಗಳ ಕಾಲ ದಾರಿ ತೋರಿತು.

ಬೆಸ್ಲಿ ತನ್ನ ವಿನ್ಯಾಸವನ್ನು ಕಾನೂನಿನಡಿ ನೋಂದಾಯಿಸಿದ್ದ. ದೊರೆತ ರಕ್ಷಣೆ ಮೂರೇ ವರ್ಷ. ಅವಧಿ ಮುಗಿದೊಡನೆ ಇತರ ಕಾರ್ಖಾನೆಗಳು ಅನುಕರಣೆಗಳನ್ನು ಹೊರತಂದವು. ಶೋಧಕನಿಗೆ ಅದು ನಷ್ಟವೇ ಇರಬಹುದು, ಓದುಗ ಸಮಾಜಕ್ಕೆ ಮಾತ್ರ ಲಾಭವಾಯಿತು. ‘ಕ್ಲಾರೆಂಡನ್’ ಎಂಬುದು ಮುದ್ರಕರ ಬಾಯಲ್ಲಿ ದಪ್ಪಕ್ಷರಕ್ಕೇ ಪರ್ಯಾಯವಾಗುವಷ್ಟು ಬಳಕೆಗೆ ಬಂದಿತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇದರಲ್ಲಿ ಇನ್ನೊಂದು ಪಾಠವೂ ಕಾಣುತ್ತದೆ. ವಿರಳವಾದುದಕ್ಕೇ ಬೆಲೆ. ಸೇವೆಯಲ್ಲಿದ್ದ ವರ್ಷಗಳಲ್ಲಿ ನನ್ನ ಮೇಜಿಗೆ ಬರುತ್ತಿದ್ದ ಪ್ರಕಟಣೆಗಳ ಕರಡುಗಳಲ್ಲಿ ಇಲಾಖೆಯ ಹೆಸರು, ಆದೇಶದ ಸಂಖ್ಯೆ, ಉಲ್ಲೇಖ, ಅಧಿಕಾರಿಯ ಪದನಾಮ ಎಲ್ಲವೂ ದಪ್ಪಕ್ಷರದಲ್ಲಿರುತ್ತಿದ್ದವು. ಅರ್ಜಿ ಸಲ್ಲಿಸಲು ಕೊನೆಯ ದಿನಾಂಕ ಮಾತ್ರ ಏಳನೆಯ ಕಂಡಿಕೆಯ ನಡುವೆ ಸಾಧಾರಣ ಅಕ್ಷರದಲ್ಲಿ ಅಡಗಿರುತ್ತಿತ್ತು. ಪಿಂಚಣಿಗೋ ವಿದ್ಯಾರ್ಥಿವೇತನಕ್ಕೋ ಕಾಯುವವರಿಗೆ ಆ ದಿನಾಂಕವೇ ಇಡೀ ಪ್ರಕಟಣೆ. ಅದು ಕಣ್ತಪ್ಪಿದರೆ ಒಂದು ವರ್ಷವೇ ಕೈತಪ್ಪುತ್ತದೆ.

ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ದಪ್ಪಕ್ಷರಕ್ಕೆ ಪ್ರತ್ಯೇಕ ಮೊಳೆ ಬೇಕಿತ್ತು. ಆ ಖರ್ಚೇ ಒಂದು ಸಂಯಮವಾಗಿತ್ತು. ಇಂದು ಗಣಕಯಂತ್ರದ ಒಂದು ಗುಂಡಿ ಒತ್ತಿದರೆ ಇಡೀ ಪುಟವೇ ದಪ್ಪಗಾಗುತ್ತದೆ. ಕನ್ನಡದಲ್ಲಂತೂ ಹೀಗೆ ದಪ್ಪಗಾದ ಸಣ್ಣ ಅಕ್ಷರಗಳಲ್ಲಿ ಒತ್ತಕ್ಷರಗಳು ಕಲೆಸಿಹೋಗಿ ಓದೇ ಕಷ್ಟವಾಗುತ್ತದೆ. ಎಲ್ಲವನ್ನೂ ಒತ್ತಿ ಹೇಳುವ ಪ್ರಕಟಣೆ ಯಾವುದನ್ನೂ ಒತ್ತಿ ಹೇಳುವುದಿಲ್ಲ. ಕರಡಿಗೆ ಸಹಿ ಹಾಕುವ ಅಧಿಕಾರಿಗಳು ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಇದನ್ನು ಓದುವ ಪ್ರಜೆ ಹುಡುಕುತ್ತಿರುವುದು ಯಾವ ಪದವನ್ನು? ದಪ್ಪಕ್ಷರ ಸಲ್ಲಬೇಕಾದದ್ದು ಆ ಪದಕ್ಕೆ.